ಸಣ್ಣಾಕೆಯ ಅಡುಗೆಮನೆ

ನಾನು ಅಡುಗೆ ಮಾಡಿ ಮುಗಿಸಿದ ಮೇಲೆ ಆ ಅಡುಗೆಮನೆಗೆ ಯಾರೂ ಕಾಲಿಡುವಂತಿರುತ್ತಿರಲಿಲ್ಲ. ಇದನ್ನು ನಾನೇ ಮೊದಲು ಒಪ್ಪಿಕೊಂಡುಬಿಡುವುದು ಒಳ್ಳೆಯದು. ಈರುಳ್ಳಿ ಸಿಪ್ಪೆ ಒಂದು ಕಡೆ, ಬೆಳ್ಳುಳ್ಳಿ ಸಿಪ್ಪೆ ಇನ್ನೊಂದು ಕಡೆ, ಕಟ್ಟೆ ಮೇಲೆ ಹಿಟ್ಟು, ನೆಲದ ಮೇಲೆ ನೀರು, ಎಣ್ಣೆ ಕ್ಯಾನಿನ ಬಾಯಿಂದ ಇಳಿದ ಜಿಡ್ಡು, ಮುಚ್ಚಳ ಇಲ್ಲದ ಡಬ್ಬಿಗಳು. ಇವೆಲ್ಲದರ ನಡುವೆ ಒಂದು ತಪ್ಪಲೆ ಸಾರು, ಅನ್ನ, ಬಿಸಿ ಮುದ್ದೆ. ಊಟ ಮಾತ್ರ ಚೆನ್ನಾಗಿರುತ್ತಿತ್ತು. ಉಂಡವರು ಯಾರೂ ಇವತ್ತಿನವರೆಗೆ ಇಲ್ಲ ಅಂದಿಲ್ಲ.

ನನ್ನ ತವರು ಬಿ.ಜಿ. ಕೆರೆ. ಅಲ್ಲಿ ನಮ್ಮವ್ವ ಅಡುಗೆ ಮಾಡುತ್ತಿದ್ದದ್ದು ಹಿತ್ತಲ ಚಪ್ಪರದ ಕೆಳಗೆ, ಮೂರು ಕಲ್ಲಿನ ಒಲೆಯಲ್ಲಿ. ಶೇಂಗಾ ಕೀಳುವ ಕಾಲದಲ್ಲಿ ಹದಿನೈದು ಇಪ್ಪತ್ತು ಜನ ಆಳುಗಳಿಗೆ ಬುತ್ತಿ ಹೋಗಬೇಕಿತ್ತು. ಸಿಪ್ಪೆ ಬಿದ್ದರೆ ಕುರಿ ತಿನ್ನುತ್ತಿದ್ದವು, ಅಗುಳು ಬಿದ್ದರೆ ಕೋಳಿ ಹೆಕ್ಕುತ್ತಿದ್ದವು, ಮುಸುರೆ ನೀರು ಎಮ್ಮೆಗೆ. ಕೆಳಗೆ ಬಿದ್ದದ್ದು ಯಾವುದೋ ಒಂದು ಬಾಯಿಗೆ ಸೇರುತ್ತಿದ್ದದ್ದರಿಂದ ಅದನ್ನು ಕೊಳೆ ಅಂತ ನಾವು ಯಾರೂ ಅಂದುಕೊಂಡಿರಲಿಲ್ಲ. ಬೇಗ ಮಾಡಬೇಕು, ಬಹಳ ಮಾಡಬೇಕು, ರುಚಿಯಾಗಿ ಮಾಡಬೇಕು. ಅಷ್ಟನ್ನು ನಾನು ಅವ್ವನಿಂದ ಚೆನ್ನಾಗಿಯೇ ಕಲಿತಿದ್ದೆ.

ತೊಂಬತ್ತರ ದಶಕದ ಶುರುವಿನಲ್ಲಿ ನನ್ನನ್ನು ಚಳ್ಳಕೆರೆಗೆ ಕೊಟ್ಟರು. ನನ್ನ ಗಂಡ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್. ಮನೆಯಲ್ಲಿ ಅತ್ತೆ, ಹೈಸ್ಕೂಲ್ ಮೇಷ್ಟ್ರಾಗಿದ್ದ ಮೈದುನ, ಇನ್ನೂ ಓದುತ್ತಿದ್ದ ನಾದಿನಿ. ಅಡುಗೆಮನೆ ಚಿಕ್ಕದು: ಗೋಡೆಗೆ ಒತ್ತಿ ಕಟ್ಟಿದ ಕಡಪ ಕಲ್ಲಿನ ಕಟ್ಟೆ, ಒಂದು ಕಿಟಕಿ, ಮೂಲೆಯಲ್ಲಿ ನೀರಿನ ಕೊಳಗ. ಇಲ್ಲಿ ಕುರಿಯೂ ಇಲ್ಲ, ಕೋಳಿಯೂ ಇಲ್ಲ. ಬಿದ್ದದ್ದು ಬಿದ್ದಲ್ಲೇ ಇರುತ್ತಿತ್ತು. ಅತ್ತೆ ಬಾಗಿಲ ಹತ್ತಿರ ನಿಂತು ಒಳಗೆ ಇಣುಕಿ, ಏನೋ ಹೇಳಲು ಹೋಗಿ ಸುಮ್ಮನಾಗುತ್ತಿದ್ದರು. ಊಟಕ್ಕೆ ಕೂತಾಗ ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಿದ್ದರು. ನಮ್ಮಿಬ್ಬರ ನಡುವೆ ಅದೊಂದು ಒಪ್ಪಂದದ ಹಾಗಿತ್ತು. ಆರು ವರ್ಷ ಆ ಅಡುಗೆಮನೆ ನನ್ನದಾಗಿತ್ತು. ಆ ಮನೆಯಲ್ಲಿ ನನ್ನದು ಅನ್ನಬಹುದಾಗಿದ್ದ ಜಾಗವೂ ಅದೊಂದೇ.

ಆಮೇಲೆ ಮೈದುನನ ಮದುವೆಯಾಯಿತು. ಹುಡುಗಿ ಮೊಳಕಾಲ್ಮೂರಿನವಳು. ನಮ್ಮ ಸಂಬಂಧಿಕರಲ್ಲಿ ಕೆಲವರು ಎರಡು ತಲೆಮಾರಿನ ಹಿಂದೆಯೇ ಅಲ್ಲಿ ಹೋಗಿ ನೆಲೆಸಿ ರೇಷ್ಮೆ ಸೀರೆಯ ಮಗ್ಗ ಹಿಡಿದಿದ್ದರು; ಅಂಥ ಒಂದು ಮನೆಯ ಮಗಳು. ಸಣ್ಣ ಮೈಕಟ್ಟು, ಮಾತು ಕಡಿಮೆ. ಅವಳು ಬರುವವರೆಗೆ ನಾನು ಬರೀ ಸೊಸೆ. ಅವಳು ಬಂದ ಮೇಲೆ ಅತ್ತೆ ಅವಳನ್ನು ಸಣ್ಣಾಕೆ ಅಂದರು, ನಾನು ದೊಡ್ಡಾಕೆಯಾದೆ.

ಬಂದ ಮೂರನೇ ದಿನ ಬೆಳಿಗ್ಗೆ ಅವಳು ಉಪ್ಪಿಟ್ಟು ಮಾಡುತ್ತೇನೆ ಅಂದಳು. ಯಾವ್ಯಾವುದು ಎಲ್ಲೆಲ್ಲಿ ಇಡುತ್ತೀರಿ ಅಂತ ಕೇಳಿದಳು. ಕೈಗೆ ಸಿಕ್ಕಲ್ಲಿ ಇಡುತ್ತೇನೆ ಅಂತ ನಾನು ನಕ್ಕೆ. ಅವಳು ನಗಲಿಲ್ಲ. ನಾನು ಮಗಳಿಗೆ ಜಡೆ ಹಾಕುತ್ತಾ ನಡುಮನೆಯಲ್ಲಿ ಕೂತಿದ್ದೆ. ಅರ್ಧ ಗಂಟೆಯ ಮೇಲೆ ಹೋಗಿ ನೋಡಿದರೆ, ಸ್ಟೌ ಮೇಲೆ ಉಪ್ಪಿಟ್ಟಿನ ಬಾಣಲಿ ಇತ್ತು, ಅದರ ಮೇಲೆ ತಟ್ಟೆ ಮುಚ್ಚಿತ್ತು. ಅಷ್ಟೇ. ಈರುಳ್ಳಿ ಹೆಚ್ಚಿದ ಗುರುತಿಲ್ಲ, ರವೆ ಹುರಿದ ಪಾತ್ರೆ ಇಲ್ಲ, ಸಾಸಿವೆ ಸಿಡಿದ ಚುಕ್ಕೆ ಇಲ್ಲ. ಅವಳು ಎಲ್ಲಾದರೂ ಬಚ್ಚಿಟ್ಟಿದ್ದಾಳಾ ಅಂತ ನಾನು ಕಟ್ಟೆಯ ಕೆಳಗೆ ಬಗ್ಗಿ ನೋಡಿದೆ. ಪಾತ್ರೆಗಳು ತೊಳೆದು ಬೋರಲಾಗಿ ನೀರಿಳಿಯುತ್ತಿದ್ದವು.

ಹೇಗೆ ಮಾಡುತ್ತಾಳೆ ಅಂತ ಆಮೇಲೆ ದಿನವೂ ಕಣ್ಣಿಟ್ಟು ನೋಡಿದೆ. ಅದರಲ್ಲಿ ಮಂತ್ರವೇನೂ ಇರಲಿಲ್ಲ. ತರಕಾರಿ ಹೆಚ್ಚುವ ಮೊದಲೇ ಸಿಪ್ಪೆಗೆ ಅಂತ ಒಂದು ತಟ್ಟೆ ಪಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದಳು. ಖಾರದಪುಡಿ ತೆಗೆದರೆ ಡಬ್ಬಿಯ ಮುಚ್ಚಳ ಹಾಕಿದ ಮೇಲೇ ಸೌಟು ಆಡಿಸುತ್ತಿದ್ದಳು. ಈರುಳ್ಳಿ ಬಾಡುವಷ್ಟರಲ್ಲಿ ಚಾಕು, ಮಣೆ, ಒಂದು ಬಟ್ಟಲು ತೊಳೆದಾಗಿರುತ್ತಿತ್ತು. ಎಣ್ಣೆ ಬಗ್ಗಿಸಿದರೆ ಕ್ಯಾನಿನ ಬಾಯಿಯನ್ನು ಬೆರಳಿಂದ ಒರೆಸಿ, ಆ ಬೆರಳನ್ನು ಬಾಣಲಿಯ ಅಂಚಿಗೆ ಒರೆಸುತ್ತಿದ್ದಳು. ಬೇಳೆ ಬೇಯುವವರೆಗೆ ನಾನಾದರೆ ಬಾಗಿಲಲ್ಲಿ ನಿಂತು ಪಕ್ಕದ ಮನೆಯವರ ಜೊತೆ ಮಾತಾಡುತ್ತಿದ್ದೆ. ಅವಳು ಆ ಹೊತ್ತಿನಲ್ಲಿ ಕಟ್ಟೆ ಒರೆಸುತ್ತಿದ್ದಳು. ಸ್ಟೌವಿನ ಎಡಗಡೆ ಗೋಡೆಗೆ ಒಂದು ಮೊಳೆ ಹೊಡೆದು, ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಗೆ ಅದನ್ನೇ ಜಾಗ ಮಾಡಿದಳು. ಒಂದು ತಿಂಗಳಿಗೆ ಅವಳ ಕೈಗಳು ಆ ಅಡುಗೆಮನೆಯಲ್ಲಿ ಕಣ್ಣಿಲ್ಲದೆ ಓಡಾಡುತ್ತಿದ್ದವು. ಉಪ್ಪು ಬೇಕಾದರೆ ಉಪ್ಪಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಆರು ವರ್ಷ ಬಾಗಿಲಲ್ಲೇ ನಿಂತು ಹೋಗುತ್ತಿದ್ದ ಅತ್ತೆ, ಈಗ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂರತೊಡಗಿದರು. ನೀರು ಕುಡಿಯಬೇಕು ಅಂದ ನೆಂಟರನ್ನು ನಡುಮನೆಯಲ್ಲಿ ಕೂರಿಸಿ ನೀರು ತಂದುಕೊಡುವ ಬದಲು, ಬನ್ನಿ ಬನ್ನಿ ಅಂತ ಒಳಗೇ ಕರೆದೊಯ್ಯುತ್ತಿದ್ದರು. ಓಣಿಯ ಹೆಂಗಸರು ಬಂದು ಡಬ್ಬಿಗಳ ಸಾಲು ನೋಡಿ ಹೋದರು. ನಮ್ಮನೆಗೆ ಟಿ.ವಿ. ಬಂದಾಗಲೂ ಅಷ್ಟು ಜನ ಬಂದಿರಲಿಲ್ಲ.

ನನಗೆ ಹೊಟ್ಟೆ ಉರಿಯಿತು. ಇದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಊಟ ಸೇರುತ್ತಿರಲಿಲ್ಲ. ಅವಳು ಬಟ್ಟೆ ಹಿಂಡುವ ಸದ್ದು ಕೇಳಿದರೆ ಸಾಕು, ನಾನು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಅವಳ ಸಾರು ನನ್ನ ಸಾರಿನ ಹತ್ತಿರಕ್ಕೂ ಬರುತ್ತಿರಲಿಲ್ಲ. ಹುಣಸೆಹಣ್ಣು ಹಾಕಲು ಕೈ ಹಿಡಿಯುತ್ತಿದ್ದಳು, ಒಗ್ಗರಣೆ ಕಮ್ಮಗೆ ಏರುವ ಮೊದಲೇ ಇಳಿಸುತ್ತಿದ್ದಳು. ಆದರೆ ಈಗ ರುಚಿಯ ಮಾತು ಯಾರೂ ಆಡುತ್ತಿರಲಿಲ್ಲ. ಒಂದು ದಿನ ನನ್ನ ಗಂಡ ಮಿಲ್ಲಿನಿಂದ ಬಂದು, ಕೈಯ ಎಣ್ಣೆ ತೊಳೆದುಕೊಳ್ಳುತ್ತಾ, ನೀನೂ ಅವಳ ಜೊತೆ ಇದ್ದು ಸ್ವಲ್ಪ ಕಲ್ತುಕೋ ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸೋಪು ಕೊಡು ಅನ್ನುವ ಧ್ವನಿಯಲ್ಲೇ ಹೇಳಿದರು. ಅದಕ್ಕೇ ಇನ್ನೂ ಜಾಸ್ತಿ ಚುಚ್ಚಿತು.

ಅದಕ್ಕಿಂತ ಚುಚ್ಚಿದ್ದು ನನ್ನ ಮಗಳು. ಆಗ ಅವಳಿಗೆ ಐದು ವರ್ಷ. ಜಗಲಿಯ ಮೇಲೆ ಅಡುಗೆ ಆಟ ಆಡುತ್ತಿದ್ದಳು. ಮಣ್ಣಿನ ಸಾರು ಕುದಿಸಿದಳು, ಬೇವಿನ ಎಲೆಯ ಪಲ್ಯ ಮಾಡಿದಳು. ಆಮೇಲೆ ಲಂಗದ ತುದಿಯಿಂದ ಜಗಲಿಯನ್ನು ಒರೆಸಿದಳು, ಗೆರಟೆಗಳನ್ನು ಸಾಲಾಗಿ ಬೋರಲು ಹಾಕಿದಳು. ಯಾರಮ್ಮಾ ನೀನು ಅಂತ ಕೇಳಿದೆ.

"ಚಿಕ್ಕವ್ವ," ಅಂದಳು.

ಅವತ್ತು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನೂ ಒಂದು ಸಲ ಸಣ್ಣಾಕೆಯ ಹಾಗೆ ಮಾಡಿ ನೋಡಬೇಕು ಅಂತ ಹೊರಟೆ. ಸಿಪ್ಪೆಗೆ ತಟ್ಟೆ ಇಟ್ಟುಕೊಂಡೆ. ಒಗ್ಗರಣೆಗೆ ಎಣ್ಣೆ ಇಟ್ಟು, ಕ್ಯಾನು ಒರೆಸಿ, ಡಬ್ಬಿ ಮುಚ್ಚಿ, ಬಟ್ಟಲು ತೊಳೆಯಲು ತಿರುಗಿದೆ. ಅಷ್ಟರಲ್ಲಿ ಮೆಣಸಿನಕಾಯಿ ಕರಕಲಾಗಿ ಮನೆಯೆಲ್ಲ ಘಾಟು ತುಂಬಿತು. ಅತ್ತೆ ಕೆಮ್ಮುತ್ತಾ ಎದ್ದು ಬಂದರು. ಸಣ್ಣಾಕೆ ಬಂದು ಸುಮ್ಮನೆ ಕಿಟಕಿ ತೆರೆದಳು, ಬಾಣಲಿಯನ್ನು ತೊಳೆಯಲು ಹಾಕಿದಳು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಆಮೇಲೆ ನಾನು ಸಣ್ಣ ಸಣ್ಣ ಕಿತಾಪತಿಗೆ ಇಳಿದೆ. ಚಹಾ ಸೋಸಿದ ಜಾಲರಿಯನ್ನು ಚರಟದ ಸಮೇತ ಒಣಗಲು ಬಿಡುವುದು. ಅರಿಶಿನದ ಚಮಚವನ್ನು ಒದ್ದೆ ಕಟ್ಟೆಯ ಮೇಲೆ ಇಡುವುದು. ಸಕ್ಕರೆ ಡಬ್ಬಿಯ ಮುಚ್ಚಳ ಅರ್ಧ ಮುಚ್ಚಿ ಇರುವೆ ಬರಲಿ ಅಂತ ಕಾಯುವುದು. ಮೂವತ್ತರ ಹೆಂಗಸು, ಒಂದು ಮಗುವಿನ ತಾಯಿ, ಇಂಥದ್ದು ಮಾಡುತ್ತಿದ್ದೆ. ಅವಳು ಬಂದು ಜಾಲರಿ ತೊಳೆಯುತ್ತಿದ್ದಳು, ಅರಿಶಿನದ ಕಲೆಯನ್ನು ನಿಂಬೆಹಣ್ಣಿನ ಹೋಳಿಂದ ಉಜ್ಜುತ್ತಿದ್ದಳು, ಸಕ್ಕರೆಯನ್ನು ಬಿಸಿಲಿಗೆ ಇಡುತ್ತಿದ್ದಳು. ನನ್ನ ಮುಖ ಕೂಡ ನೋಡುತ್ತಿರಲಿಲ್ಲ.

ಹೀಗೆ ಒಂದೂವರೆ ವರ್ಷ ಕಳೆದ ಮೇಲೆ ನಾದಿನಿಯನ್ನು ನೋಡಲು ಹಿರಿಯೂರಿನಿಂದ ಗಂಡಿನ ಕಡೆಯವರು ಬರುತ್ತೇವೆ ಅಂತ ಹೇಳಿ ಕಳಿಸಿದರು. ಒಳ್ಳೆಯ ಸಂಬಂಧ. ಹೋಳಿಗೆ ಊಟ ಅಂತ ತೀರ್ಮಾನವಾಯಿತು. ಹಿಂದಿನ ದಿನ ಅತ್ತೆ ನಮ್ಮಿಬ್ಬರನ್ನೂ ಕರೆದು ಕೆಲಸ ಹಂಚಿದರು.

"ಹೋಳಿಗೆಗೆ ದೊಡ್ಡಾಕೆ ಕೈನೇ ಆಗ್ಬೇಕು. ಆದ್ರೆ ನೀನು ಹಿತ್ತಲಾಗೆ ಪಂಪ್ ಸ್ಟೌ ಹಚ್ಚಿಕೊಂಡು ಮಾಡವ್ವ. ಅವರು ಒಳಗೆಲ್ಲ ನೋಡಾಕೆ ಬಂದೇ ಬರ್ತಾರೆ. ಅಡುಗೆಮನೆ ಸಣ್ಣಾಕೆಗೆ ಇರ್ಲಿ."

ನಾನು ಆಗಲಿ ಅಂದೆ. ಅವತ್ತು ನನಗೆ ಅನ್ನಿಸಿದ್ದನ್ನು ಈಗ ನೆನೆಸಿಕೊಂಡರೂ ಮುಖ ಬಿಸಿಯಾಗುತ್ತದೆ. ಎಂಟು ವರ್ಷ ಬೇಯಿಸಿ ಹಾಕಿದ ಮನೆಯಲ್ಲಿ ನನ್ನ ರಾಡಿಯ ಜೊತೆ ನನ್ನನ್ನೂ ಹಿತ್ತಲಿಗೆ ಹಾಕಿದ್ದರು.

ಬೆಳಿಗ್ಗೆ ಬೇಗ ಎದ್ದು ಬೇಳೆ ಬೇಯಿಸಿ ಬಸಿದೆ. ಕಟ್ಟನ್ನು ಒಳಗೆ ಅವಳಿಗೆ ಕೊಟ್ಟೆ, ಅವಳು ಅದರಲ್ಲಿ ಸಾರು ಮಾಡಬೇಕಿತ್ತು. ಹೂರಣ ರುಬ್ಬಿಕೊಂಡು ಹಿತ್ತಲಲ್ಲಿ ಕೂತೆ. ಕಣಕ ನಾದುತ್ತಾ ನೋಡಿದರೆ, ಬಾಗಿಲಿನಿಂದ ಅವಳ ಬೆನ್ನು ಕಾಣುತ್ತಿತ್ತು. ಹೊಸ ಸೀರೆ, ನೈಲಾನಿನದು, ನಸುಗೆಂಪು. ಅಡುಗೆ ಮಾಡುತ್ತಲೇ ನೆಂಟರ ಮುಂದೆ ನಿಲ್ಲುವಷ್ಟು ಚೊಕ್ಕವಾಗಿದ್ದಳು. ನನ್ನ ಮೊಣಕೈವರೆಗೆ ಮೈದಾ ಇತ್ತು, ಹಣೆಯ ಮೇಲೂ ಇತ್ತು.

ಅವಳು ಹೂವು ಮುಡಿಸಲು ನಾದಿನಿಯ ಹತ್ತಿರ ಹೋದಳು. ನಾನು ಬಾಳೆ ಎಲೆ ತರಲು ಒಳಗೆ ಹೋದೆ. ಸಾರು ಸ್ಟೌ ಮೇಲೆ ಸಣ್ಣ ಉರಿಯಲ್ಲಿತ್ತು. ಕಟ್ಟೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಸಿಬಟ್ಟೆ ಮೊಳೆಯ ಮೇಲೆ ಇತ್ತು. ನಾನು ಅದನ್ನು ತೆಗೆದು ಕಿಟಕಿಯಲ್ಲಿ, ಹುಣಸೆಹಣ್ಣಿನ ಜಾಡಿಯ ಹಿಂದೆ ಇಟ್ಟೆ.

ಇಷ್ಟೇ ನನಗೆ ಬೇಕಾಗಿತ್ತು: ನೆಂಟರು ಬಾಗಿಲಲ್ಲಿ ನಿಂತಿರುವಾಗ ಅವಳು ಒಂದು ಸಲ ತಡಕಾಡಬೇಕು. ಎಲ್ಲಿ ಹೋಯಿತು ಅಂತ ಡಬ್ಬಿ ಸರಿಸಿ, ಪಾತ್ರೆ ಸರಿಸಿ, ನನ್ನ ಹಾಗೆ ಹುಡುಕಬೇಕು. ಬೇರೆ ಏನೂ ನನ್ನ ಮನಸ್ಸಿನಲ್ಲಿ ಇರಲಿಲ್ಲ. ಹಾಗಂತ ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ.

ನೆಂಟರು ಇನ್ನೂ ಬಂದಿರಲಿಲ್ಲ. ಅವಳು ವಾಪಸು ಬಂದು ಉರಿ ಜೋರು ಮಾಡಿದಳು ಅಂತ ಕಾಣುತ್ತದೆ. ನಾನು ಎರಡನೇ ಹೋಳಿಗೆ ತಟ್ಟುತ್ತಿದ್ದೆ. ತಲೆಯೆತ್ತಿದಾಗ ಸಾರು ನೊರೆ ಕಟ್ಟಿ ಮೇಲೆ ಬರುತ್ತಿತ್ತು, ಅವಳ ಎಡಗೈ ಗೋಡೆಯ ಕಡೆ ಹೋಯಿತು. ತಿರುಗಿ ನೋಡಲಿಲ್ಲ. ಬೆರಳುಗಳು ಬರೀ ಮೊಳೆಯನ್ನು ಮುಟ್ಟಿದವು, ಅದರ ಸುತ್ತ ಗೋಡೆಯನ್ನು ಸವರಿದವು. ಸಾರು ಉಕ್ಕಿದರೆ ಕಟ್ಟೆಯೆಲ್ಲ ಹಾಳು. ಅವಳು ಸೆರಗನ್ನೇ ಎರಡು ಕೈಗೆ ಸುತ್ತಿ ತಪ್ಪಲೆ ಎತ್ತಿದಳು. ನೈಲಾನು ಜಾರಿತು.

ಅವಳು ಕೂಗಲಿಲ್ಲ. ತಪ್ಪಲೆಯನ್ನು ಕೈಬಿಡಲೂ ಇಲ್ಲ. ಅರ್ಧ ಸಾರು ಎಡಗಾಲಿನ ಮೇಲೆ ಹೋದ ಮೇಲೂ ಅದನ್ನು ನೆಲಕ್ಕೆ ಇಳಿಸಿ, ಎದ್ದು ಗ್ಯಾಸ್ ಆರಿಸಿ, ಆಮೇಲೆ ಗೋಡೆಗೆ ಒರಗಿ ಕುಸಿದಳು. ನಾನು ಓಡಿ ಹೋದೆ. ಅವಳ ತುಟಿ ಬಿಳಿಚಿಕೊಂಡಿತ್ತು.

"ಅಕ್ಕ, ನೆಲ ಒರೆಸಿಬಿಡ್ರಿ, ಅವರು ಬಂದ್ರೆ ಜಾರ್ತಾರೆ," ಅಂದಳು.

ಮೈದುನ ಬಂದು ಕೊಳಗದ ತಣ್ಣೀರನ್ನು ಚೊಂಬಿನಿಂದ ಮೊಗೆದು ಮೊಗೆದು ಕಾಲಿಗೆ ಹೊಯ್ದ. ಅತ್ತೆ ಇಂಕು ಹಚ್ಚೋಣ ಅಂದರು, ಅವನು ಬೇಡ ಅಂದ. ಅವಳನ್ನು ಎತ್ತಿಕೊಂಡು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಎಲ್ಲರೂ ಅವರ ಹಿಂದೆ ಬಾಗಿಲವರೆಗೆ ಹೋದರು. ಅಡುಗೆಮನೆಯಲ್ಲಿ ನಾನೊಬ್ಬಳೇ ಉಳಿದೆ. ಆಗ ನಾನು ಮಾಡಿದ ಮೊದಲ ಕೆಲಸ, ಕಿಟಕಿಯಿಂದ ಮಸಿಬಟ್ಟೆಯನ್ನು ತೆಗೆದು ಮೊಳೆಗೆ ಹಾಕಿದ್ದು. ನೆಲ ಒರೆಸಿದ್ದು ಅದರ ನಂತರ.

ನೆಂಟರು ಬಂದರು. ಉಳಿದಿದ್ದ ಬೇಳೆಕಟ್ಟಿಗೆ ನೀರು ಸೇರಿಸಿ, ಹುಳಿ ಖಾರ ಹೊಂದಿಸಿ ನಾನೇ ಸಾರು ಮಾಡಿದೆ. ಗಂಡಿನ ತಾಯಿ ಮೂರು ಸಲ ಹಾಕಿಸಿಕೊಂಡರು. ಮದುವೆ ಗೊತ್ತಾಯಿತು. ಹೋಗುವಾಗ ಆಕೆ ಅಡುಗೆಮನೆಗೆ ಇಣುಕಿ, ಎಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದೀರಿ ಅಂದರು. ಅದು ನಮ್ಮ ಸಣ್ಣ ಸೊಸೆದು, ಪಾಪ, ಇವತ್ತು ಕಾಲು ಸುಟ್ಟುಕೊಂಡಳು ಅಂತ ಅತ್ತೆ ಕಣ್ಣೊರೆಸಿಕೊಂಡರು. ಸಾರು ಯಾರದು ಅಂತ ಅವರು ಕೇಳಲಿಲ್ಲ, ಅತ್ತೆಯೂ ಹೇಳಲಿಲ್ಲ. ಅಂಥಾ ದಿನದಲ್ಲೂ ನನಗೆ ಅದು ಕಂಡಿತು, ಅದು ಉರಿಯಿತು. ಮನುಷ್ಯರ ಮನಸ್ಸು ಎಷ್ಟು ಕೀಳಾಗಬಹುದು ಅನ್ನುವುದಕ್ಕೆ ನಾನು ಬೇರೆ ಯಾರನ್ನೂ ನೋಡಬೇಕಾಗಿಲ್ಲ.

ಮೂರು ವಾರ ಅವಳು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂರುತ್ತಿದ್ದಳು. ಒಳಗೆ ಮಲಗು ಅಂದರೆ ಬೇಜಾರು ಅನ್ನುತ್ತಿದ್ದಳು. ನಾನು ಅವಳ ಕಣ್ಣೆದುರೇ ಅಡುಗೆ ಮಾಡಬೇಕಾಗಿತ್ತು. ಭಯಕ್ಕೋ, ತಪ್ಪು ಮಾಡಿದ ಅಳುಕಿಗೋ, ನಾನು ಸಿಪ್ಪೆಗೆ ತಟ್ಟೆ ಇಟ್ಟೆ. ಸೌಟನ್ನು ಬಟ್ಟಲಿನ ಮೇಲೆ ಇಟ್ಟೆ. ಮೆಣಸಿನಕಾಯಿ ಕರಕಲಾಗದ ಹಾಗೆ, ಒಗ್ಗರಣೆ ಮುಗಿದ ಮೇಲೆ ತೊಳೆಯುವುದನ್ನು ಕಲಿತೆ. ಅವಳು ಒಂದೇ ಒಂದು ಸಲ ಬಾಯಿಬಿಟ್ಟಳು, ಮೊದಲು ಎಣ್ಣೆ ಪಾತ್ರೆ ಅಲ್ಲ, ಹಾಲಿನ ಪಾತ್ರೆ ತೊಳೀರಿ ಅಕ್ಕ, ನೀರು ಉಳಿಯುತ್ತೆ ಅಂದಳು. ನಲ್ಲಿ ನೀರು ವಾರಕ್ಕೆ ಎರಡು ಸಲ ಬರುವ ಊರಿನಲ್ಲಿ ಅದು ನನಗೆ ಎಂಟು ವರ್ಷದಿಂದ ಹೊಳೆದಿರಲಿಲ್ಲ. ಅತ್ತೆ ಇದನ್ನೆಲ್ಲ ನೋಡಿ, ಸಣ್ಣಾಕೆ ಕಣ್ಣ ಮುಂದೆ ಕೂತ ಮೇಲೆ ದೊಡ್ಡಾಕೆಗೂ ಕೈ ಪಳಗಿತು ಅಂತ ಓಣಿಗೆಲ್ಲ ಹೇಳಿದರು.

ಗಾಯ ಒಣಗುತ್ತಾ ಬಂದ ಮೇಲೆ ತವರಲ್ಲಿ ಸ್ವಲ್ಪ ದಿನ ಇದ್ದು ಬರಲಿ ಅಂತಾಯಿತು. ಮೈದುನನಿಗೆ ಪರೀಕ್ಷೆಯ ಕೆಲಸ. ನಾನು ಕರೆದುಕೊಂಡು ಹೋಗುತ್ತೇನೆ ಅಂದೆ. ಬಸ್ಸಿನಲ್ಲಿ ಅವಳ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ತಳಕು ದಾಟಿತು. ಬಿ.ಜಿ. ಕೆರೆಯಲ್ಲಿ ಬಸ್ಸು ನಿಂತಾಗ ನಮ್ಮೂರಿನವರೊಬ್ಬರು ಕಿಟಕಿಯಿಂದ ಮಾತಾಡಿಸಿ, ಇಳಿಯಲ್ಲೇನವ್ವ ಅಂತ ಕೇಳಿದರು. ಇಲ್ಲ, ನಮ್ಮ ವಾರಗಿತ್ತಿಯನ್ನು ಬಿಟ್ಟು ಬರಬೇಕು ಅಂದೆ. ಎಷ್ಟು ಒಳ್ಳೆಯಾಕೆ ನೀನು ಅಂದರು ಆತ.

ಅವಳ ತವರುಮನೆಯನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಮದುವೆ ಛತ್ರದಲ್ಲಿ ಆಗಿತ್ತು. ಮನೆ ಅಂದರೆ ಒಂದು ಉದ್ದನೆಯ ಕೋಣೆ. ಅದರಲ್ಲಿ ಮುಕ್ಕಾಲು ಭಾಗ ಮಗ್ಗ. ಉಳಿದ ಕಾಲು ಭಾಗದಲ್ಲಿ ಸೊಂಟದೆತ್ತರದ ಗೋಡೆಯ ಈಚೆ ಒಲೆ. ಮಗ್ಗದ ಮೇಲೆ ಅರ್ಧ ನೆಯ್ದ ಸೀರೆ ಇತ್ತು, ಗಿಣಿ ಹಸಿರು, ಜರಿಯ ಅಂಚು. ಅದಕ್ಕೂ ಸಾರು ಕುದಿಯುವ ಪಾತ್ರೆಗೂ ಮಧ್ಯೆ ಆರು ಹೆಜ್ಜೆ. ಅವಳ ತಂದೆ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಟ್ಟು ಕೂತು ಲಾಳಿ ಎಸೆಯುತ್ತಿದ್ದರು. ತಾಯಿ ಮುದ್ದೆ ತಿರುವುತ್ತಿದ್ದರು. ಮಗಳ ಕೈಯಲ್ಲಿ ನೋಡಿದ್ದೆಲ್ಲವನ್ನೂ ನಾನು ತಾಯಿಯ ಕೈಯಲ್ಲಿ ನೋಡಿದೆ, ಇನ್ನೂ ಚುರುಕಾಗಿ: ಮುಚ್ಚಳ ಮೊದಲು, ಸೌಟು ಆಮೇಲೆ; ಬೆರಳು ಎಣ್ಣೆಯ ಬಾಯಿಗೆ. ಅವರ ಮನೆಮಾತಿನಲ್ಲಿ ತೆಲುಗೇ ಜಾಸ್ತಿ. ಅವಳ ಅಣ್ಣನ ಮಗು ಮಗ್ಗದ ಕಡೆ ಅಂಬೆಗಾಲಿಟ್ಟರೆ ತಂದೆ, ತಾಯಿ, ಅವಳು ಮೂರೂ ಜನ ಒಟ್ಟಿಗೆ "ಚೆಯ್ಯಿ ಕಡುಕ್ಕೋ" ಅಂದರು. ಕೈ ತೊಳಕೋ ಅಂತ. ಆ ಮಗುವಿಗೆ ಇನ್ನೂ ನಿಲ್ಲಲು ಬರುತ್ತಿರಲಿಲ್ಲ.

ಊಟ ಮಾಡುತ್ತಾ ಅವಳ ತಾಯಿ ಹೇಳಿದರು. ಇವಳಿಗೆ ಎಂಟೋ ಒಂಬತ್ತೋ ವರ್ಷ ಇದ್ದಾಗ ಅರಿಶಿನ ಮುಟ್ಟಿದ ಕೈಯಲ್ಲಿ ಓಡಿ ಬಂದು ಮಗ್ಗದ ಮೇಲಿನ ಸೀರೆ ಹಿಡಿದಿದ್ದಳಂತೆ. ಬಿಳಿಯ ಸೀರೆ, ಮುಗಿಯಲು ಒಂದು ಗೇಣು ಬಾಕಿ. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಎದ್ದು ಹೊರಗೆ ಹೋಗಿ ಸಾಯಂಕಾಲದವರೆಗೆ ಬೀದಿಯ ಕಲ್ಲಿನ ಮೇಲೆ ಕೂತಿದ್ದರಂತೆ. ಅವತ್ತಿನಿಂದ ಇವಳು ಹೀಗೆ ಅಂತ ಹೇಳಿ ತಾಯಿ ಮಗಳ ತಲೆ ಸವರಿದರು. ಅವಳು ತಟ್ಟೆಯ ಅಂಚಿನಲ್ಲಿದ್ದ ಒಂದು ಅಗುಳನ್ನು ಒಳಗೆ ಸರಿಸಿದಳು. ಪಟ್ಟಿ ಕಟ್ಟಿದ ಕಾಲನ್ನು ಅಲ್ಲೂ ಮಗ್ಗದ ಕಡೆಗೆ ಚಾಚದೆ, ನೋವಾದರೂ ಮಡಚಿ ಈ ಕಡೆ ಇಟ್ಟುಕೊಂಡಿದ್ದಳು.

ತಾಯಿ ನೀರು ತರಲು ಹೋದಾಗ, ಮಗ್ಗದ ಸದ್ದಿನ ನಡುವೆ ನಾನು ಹೇಳಿಬಿಟ್ಟೆ. ಮಸಿಬಟ್ಟೆ ತೆಗೆದು ಬಚ್ಚಿಟ್ಟವಳು ನಾನೇ ಅಂದೆ. ಅವಳು ಮಗ್ಗದ ಕಡೆಯಿಂದ ಕಣ್ಣು ತೆಗೆಯದೆಯೇ ಹೇಳಿದಳು.

"ಗೊತ್ತು ಅಕ್ಕ. ಆಸ್ಪತ್ರೆಯಿಂದ ಬಂದ ಮೇಲೆ ನೋಡಿದೆ. ಮೊಳೆ ಮೇಲೆ ಮಡಚಿ ಹಾಕಿತ್ತು. ನಾನು ಯಾವತ್ತೂ ಮಡಚಿ ಹಾಕಲ್ಲ, ಒಣಗಲಿ ಅಂತ ಬಿಡಿಸಿ ಹಾಕ್ತೀನಿ."

ಯಾರಿಗೂ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಹೇಳಿದ್ರೆ ಮನೆಯೆಲ್ಲ ರಾಡಿ ಆಗ್ತಿತ್ತು. ಒಂದು ಸಲ ಆದ್ರೆ ಅದನ್ನ ತೊಳೆಯೋರು ಯಾರು?" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. ಮದುವೆಯಾಗಿ ಬಂದ ಮೇಲೆ ಅವಳು ನನ್ನ ಮುಖವನ್ನು ಅಷ್ಟು ನೇರವಾಗಿ ನೋಡಿದ್ದು ಅದೇ ಮೊದಲು. "ನನಗೆ ಸಿಟ್ಟಿಲ್ಲ ಅಂತ ಮಾತ್ರ ತಿಳ್ಕೋಬೇಡ್ರಿ. ಐತೆ."

ಅಷ್ಟರಲ್ಲಿ ಅವಳ ತಾಯಿ ಕೊಡ ಹೊತ್ತು ಬಂದರು. ಮಾತು ಅಲ್ಲಿಗೆ ನಿಂತಿತು. ಬಸ್ಸಿಗೆ ಹೊರಟಾಗ ಅವಳು ಕುಂಟುತ್ತಾ ಬಾಗಿಲವರೆಗೆ ಬಂದು, ನೋಡಿಕೊಂಡು ಹೋಗ್ರಿ ಅಂದಳು, ಯಾವತ್ತಿನ ಧ್ವನಿಯಲ್ಲೇ.

ವಾಪಸು ಬರುವಾಗ ದಾರಿಯುದ್ದಕ್ಕೂ ಅಳುತ್ತಾ ಬಂದೆ. ಅಳುವುದಕ್ಕೆ ಕಾರಣ ಪಶ್ಚಾತ್ತಾಪ ಒಂದೇ ಅಂದರೆ ಸುಳ್ಳಾಗುತ್ತದೆ. ನಾನಾಗಿದ್ದರೆ ಮೊದಲ ದಿನವೇ ಓಣಿ ಕೂಡಿಸಿ ಬೈದಿರುತ್ತಿದ್ದೆ. ಅವಳು ಸಿಟ್ಟನ್ನೂ ಮುಚ್ಚಳ ಹಾಕಿ ಒಂದು ಕಡೆ ಇಟ್ಟಿದ್ದಳು, ಬೇಕಾದಾಗ ಎಲ್ಲಿದೆ ಅಂತ ಅವಳಿಗೆ ಗೊತ್ತಿತ್ತು. ಅದಕ್ಕೂ ನಾನು ಹೊಟ್ಟೆಕಿಚ್ಚು ಪಟ್ಟೆ.

ಒಂದು ತಿಂಗಳಿಗೆ ಅವಳು ಬಂದಳು. ಪಾದದ ಮೇಲೆ ಅಂಗೈ ಅಗಲದ ಕಲೆ ಉಳಿದಿತ್ತು. ಅಡುಗೆಮನೆಯಲ್ಲಿ ನಾವಿಬ್ಬರೂ ಸೇರಿಯೇ ಮಾಡಿದೆವು. ನಾನು ಒಗ್ಗರಣೆ, ಅವಳು ಉಳಿದದ್ದು. ಒಂದೇ ವ್ಯತ್ಯಾಸ: ಮೊಳೆಯ ಮೇಲೆ ಒಂದು ಮಸಿಬಟ್ಟೆ ಇದ್ದರೂ ಅವಳು ಇನ್ನೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ಯಾಕೆ ಅಂತ ಅತ್ತೆ ಕೇಳಿದರೆ ರೂಢಿ ಆಗಿದೆ ಅನ್ನುತ್ತಿದ್ದಳು. ನನ್ನ ಎದುರಿಗೆ ದಿನಕ್ಕೆ ಹತ್ತು ಸಲ ಆ ಬಟ್ಟೆಯನ್ನು ಸೊಂಟದಿಂದ ತೆಗೆದು ಪಾತ್ರೆ ಇಳಿಸುತ್ತಿದ್ದಳು. ಅದಕ್ಕಿಂತ ದೊಡ್ಡ ಶಿಕ್ಷೆ ಅವಳು ಕೊಡಲಿಲ್ಲ, ನಾನೂ ಕೇಳಲಿಲ್ಲ. ನಾದಿನಿಯ ಮದುವೆಗೆ ಇಬ್ಬರೂ ಸೇರಿ ದುಡಿದೆವು. ಸಣ್ಣಾಕೆಗೆ ಗಂಡು ಮಗು ಹುಟ್ಟಿದಾಗ ಬಾಣಂತಿ ಊಟ ಎಲ್ಲ ನಾನೇ ಮಾಡಿದೆ. ಉಂಡು, ಮೊದಲನೇ ಸಲ, ಸಾರು ಚೆನ್ನಾಗೈತೆ ಅಂದಳು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಮಕ್ಕಳು ದೊಡ್ಡವರಾಗಿ ಜಾಗ ಸಾಲದೆ ಹಿತ್ತಲಲ್ಲಿ ಎರಡು ಕೋಣೆ ಎತ್ತಿಸಿದೆವು. ನಾವು ಅಲ್ಲಿಗೆ ಹೋದೆವು. ಹಳೆಯ ಅಡುಗೆಮನೆ ಅವಳಿಗೆ, ಹೊಸದು ನನಗೆ. ಅತ್ತೆ ಎಲ್ಲಿ ಉಣ್ಣುತ್ತಾರೆ ಅನ್ನುವ ಮಾತು ಬಂತು. ನಾನು ಉತ್ತರ ಗೊತ್ತಿದ್ದವಳ ಹಾಗೆ ತಲೆ ತಗ್ಗಿಸಿ ಕೂತಿದ್ದೆ. ಅತ್ತೆ ದೊಡ್ಡಾಕೆ ಹತ್ತಿರ ಅಂದರು. ಸಾರಿಗೋಸ್ಕರ ಅಂತ ನಾಚಿಕೊಂಡು ಹೇಳಿದರು. ನಾನು ಸಣ್ಣಾಕೆಯ ಮುಖ ನೋಡಿದೆ. ಅವಳ ಮುಖದಲ್ಲಿ ಒಂದು ಕ್ಷಣ ಏನೋ ಹಾದುಹೋಯಿತು. ಅದೇನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು, ಎಷ್ಟೋ ವರ್ಷ ನನ್ನೊಳಗೇ ಇಟ್ಟುಕೊಂಡು ಸಾಕಿದ್ದೆನಲ್ಲ. ಅವತ್ತು ಮಧ್ಯಾಹ್ನ ನಾನು ಹೊಟ್ಟೆ ತುಂಬ ಉಂಡೆ.

ಖುಷಿ ಬಹಳ ದಿನ ಉಳಿಯಲಿಲ್ಲ. ಹೊಸ ಅಡುಗೆಮನೆಯಲ್ಲಿ ನನ್ನನ್ನು ಯಾರೂ ನೋಡುವವರಿರಲಿಲ್ಲ, ಬೇಕಾದ ಹಾಗೆ ಹರಡಬಹುದಿತ್ತು. ಆದರೆ ಕೈ ಕೇಳಲಿಲ್ಲ. ಈರುಳ್ಳಿ ತೆಗೆಯುವ ಮೊದಲು ತಟ್ಟೆ ಹುಡುಕುತ್ತಿತ್ತು, ಬೇಳೆ ಬೇಯುವಾಗ ಕಟ್ಟೆ ಒರೆಸುತ್ತಿತ್ತು. ಒಂದು ದಿನ ಅತ್ತೆ ಬಂದು, ಮಣೆ ಹಾಕಿಕೊಂಡು ಕೂತು, ಸುತ್ತ ನೋಡಿದರು.

"ಥೇಟ್ ಸಣ್ಣಾಕೆ ಅಡುಗೆಮನೆ ಇದ್ದಂಗೈತೆ," ಅಂದರು.

ಹೊಗಳಿದ್ದೇ ಅದು. ಆ ವಯಸ್ಸಿನಲ್ಲಿ ಅವರಿಗೆ ಗೊತ್ತಿದ್ದ ದೊಡ್ಡ ಹೊಗಳಿಕೆ. ನಾನು ಕಾಫಿ ಬಗ್ಗಿಸಿ ಕೊಟ್ಟೆ. ಅವರು ಕುಡಿದು ಲೋಟವನ್ನು ಕಟ್ಟೆ ಮೇಲೆ ಇಟ್ಟು ಹೋದರು. ಕರಿ ಕಲ್ಲಿನ ಮೇಲೆ ಕಾಫಿಯ ಒಂದು ಉಂಗುರ ಉಳಿಯಿತು. ಒರೆಸುವ ಬಟ್ಟೆ ಪಕ್ಕದಲ್ಲೇ ಇತ್ತು. ನಾನು ಒರೆಸಲಿಲ್ಲ. ಅದರ ಪಕ್ಕದಲ್ಲೇ ರಾತ್ರಿ ಅಡುಗೆಗೆ ಬೆಳ್ಳುಳ್ಳಿ ಸುಲಿದೆ, ಸಿಪ್ಪೆಯನ್ನು ಬಿದ್ದಲ್ಲೇ ಬಿಟ್ಟೆ.